ಕಳೆ ನಿಯಂತ್ರಣಕ್ಕೆ ಅನುದಾನ: ಕ್ರಿಯಾ ಯೋಜನೆಯಲ್ಲಿ ಸೇರಿಸುವ ಬಗೆ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಕಲಬುರಗಿ ನಗರದ ಖಾಲಿ ನಿವೇಶನಗಳಿಂದ ಕಮಲಾಪುರದ ಕೆಂಪು ಬಾಳೆ ತೋಟಗಳ ಬದುಗಳವರೆಗೂ ಪಾರ್ಥೇನಿಯಂ ತಲೆ ಎತ್ತುತ್ತದೆ. ಜನರು ಕಾಂಗ್ರೆಸ್ ಕಸ ಎಂದೇ ಕರೆಯುವ ಈ ಗಿಡವು ಭಾರತದಲ್ಲಿ 1955ರಲ್ಲಿ ಪುಣೆಯಲ್ಲಿ ದಾಖಲಾಯಿತು. ಕರ್ನಾಟಕದಲ್ಲಿ 1968ರ ಕೃಷಿ ಪೀಡೆ ಮತ್ತು ರೋಗಗಳ ಅಧಿನಿಯಮದಡಿ 1975ರಲ್ಲಿ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಲಾಯಿತು. ಗೋಮಾಳಗಳಲ್ಲಿ ಬಳ್ಳಾರಿ ಜಾಲಿಯ ಕಾಟ ಬೇರೆ. ಹೀಗಿರುವಾಗ ಗ್ರಾಮಸಭೆಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಇದನ್ನು ತೆಗೆಸಲು ಯಾವ ಅನುದಾನ ಬಳಸಬೇಕು?

ಮನರೇಗಾ ಎಂಬ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿದೆ. ಆದರೆ ಮನರೇಗಾ ಅಧಿನಿಯಮದ ಅನುಸೂಚಿ 1ರ ಪ್ರಕಾರ ಹುಲ್ಲು ಕೀಳುವುದು, ಕಲ್ಲು ಆಯುವುದು ಮುಂತಾದ, ಅಳತೆಗೆ ಸಿಗದ ಹಾಗೂ ಮತ್ತೆ ಮತ್ತೆ ಮಾಡಬೇಕಾದ ಕೆಲಸಗಳನ್ನು ಕೈಗೊಳ್ಳುವಂತಿಲ್ಲ. ‘ಗೋಮಾಳದಲ್ಲಿ ಕಳೆ ತೆಗೆಯುವುದು’ ಎಂದು ಕ್ರಿಯಾ ಯೋಜನೆಯಲ್ಲಿ ಬರೆದರೆ ಅದು ಅಲ್ಲಿಯೇ ಬಿದ್ದುಹೋಗುತ್ತದೆ. ಹೇಗೋ ಮಂಜೂರಾಗಿ ಕೂಲಿ ಪಾವತಿಯಾದರೂ ಸಾಮಾಜಿಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದು ವಸೂಲಾತಿಯ ಮಾತು ಏಳಬಹುದು. ಅನುದಾನವು ಕಿತ್ತ ಕಳೆಗೆ ದೊರೆಯುವುದಿಲ್ಲ, ಆ ಜಾಗದಲ್ಲಿ ನಿರ್ಮಾಣವಾಗುವ ಆಸ್ತಿಗೆ ದೊರೆಯುತ್ತದೆ.

ಆದ್ದರಿಂದ ಕಾಮಗಾರಿಯನ್ನು ಸಾಮುದಾಯಿಕ ಭೂಮಿಯಲ್ಲಿ ಹುಲ್ಲುಗಾವಲು ಅಭಿವೃದ್ಧಿ, ಭೂ ಅಭಿವೃದ್ಧಿ ಅಥವಾ ನೆಡುತೋಪು ಎಂದು ಪ್ರಸ್ತಾಪಿಸತಕ್ಕದ್ದು. ಜಾಲಿ ತೆರವು ಅದರ ಅಂದಾಜು ಪಟ್ಟಿಯ ಒಂದು ಬಾಬಾಗಿ ಬರಬೇಕು. ಬದು, ಕಂದಕ, ಹುಲ್ಲಿನ ಬೀಜ, ಸಸಿ ಉಳಿದ ಬಾಬುಗಳಾಗಬೇಕು. ಇದು ಕೇವಲ ಕಾಗದದ ಜಾಣ್ಮೆಯಲ್ಲ. ತೆರವಾದ ನೆಲವನ್ನು ಬರಿದಾಗಿ ಬಿಟ್ಟರೆ ಮುಂದಿನ ಮಳೆಗೆ ಅದೇ ಕಳೆ ಮರಳುತ್ತದೆ. ಜಾಲಿಯಂತೂ ನೆಲಮಟ್ಟಕ್ಕೆ ಕಡಿದರೆ ಇನ್ನಷ್ಟು ಕವಲೊಡೆಯುತ್ತದೆ. ಬೇರಿನ ಬುಡವನ್ನೇ ಅಗೆದು ತೆಗೆಯಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕುಟುಂಬಗಳ ಹಾಗೂ ಸಣ್ಣ, ಅತಿಸಣ್ಣ ರೈತರ ಬೀಳು ಭೂಮಿಯನ್ನು ಸಾಗುವಳಿಗೆ ತರುವುದು ವೈಯಕ್ತಿಕ ಕಾಮಗಾರಿಯಾಗಿ ಅನುಮತಿಸಲ್ಪಟ್ಟಿದೆ. ಈ ಅವಕಾಶವನ್ನು ಸದಸ್ಯರು ತಮ್ಮ ವಾರ್ಡ್ ಸಭೆಯಲ್ಲಿ ಅವಶ್ಯವಾಗಿ ತಿಳಿಸಬೇಕು.

ಒಂದು ಲೆಕ್ಕವನ್ನು ನೋಡಬಹುದು. 20 ಕೂಲಿಕಾರರು 10 ದಿನ ದುಡಿದರೆ 200 ಮಾನವ ದಿನಗಳು. 2024-25ನೇ ಸಾಲಿನ ದಿನಗೂಲಿ 349 ರೂಪಾಯಿಯಂತೆ ಕೂಲಿ ಮೊತ್ತ 69,800 ರೂಪಾಯಿ. ಸಸಿ, ಬೀಜ, ಬೇಲಿಗಳ ಸಾಮಗ್ರಿ ವೆಚ್ಚವನ್ನು ಇದಕ್ಕೆ ಸೇರಿಸಬಹುದು. ಕೂಲಿ ಮತ್ತು ಸಾಮಗ್ರಿಯ 60:40 ಅನುಪಾತವನ್ನು ಪ್ರತಿ ಕಾಮಗಾರಿಗೆ ಪ್ರತ್ಯೇಕವಾಗಿ ನೋಡುವುದಿಲ್ಲ. ಜಾಲಿ ಅಗೆತದಂತಹ ಕೂಲಿ ಪ್ರಧಾನ ಕೆಲಸ ಹೆಚ್ಚಿದಷ್ಟೂ ಬೇರೆಡೆ ಸಾಮಗ್ರಿಗೆ ಅವಕಾಶ ಒದಗುತ್ತದೆ.

ಪಾರ್ಥೇನಿಯಂ ವಿಷಯ ಬೇರೆ. ಅದು ಮೊಳೆತ ಒಂದೂವರೆ ತಿಂಗಳೊಳಗೆ ಹೂ ಬಿಡುತ್ತದೆ, ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂವಿಗೆ ಮುಂಚೆ ಕಿತ್ತರೆ ಮಾತ್ರ ಫಲ. ಪಾರ್ಥೇನಿಯಂ ಜಾಗೃತಿ ಸಪ್ತಾಹ ಆಗಸ್ಟ್ 16ರಿಂದ 22ರವರೆಗೆ ನಡೆಯುತ್ತದೆ. ಜೂನ್ ಮಳೆಗೆ ಮೊಳೆತ ಗಿಡಗಳು ಅಷ್ಟರಲ್ಲಿ ಬೀಜ ಕಟ್ಟಿರುತ್ತವೆ. ಭಾವಚಿತ್ರಕ್ಕೆ ಸಪ್ತಾಹ ಸಾಕು, ಕಳೆಗೆ ಸಾಲದು. ಶಾಲೆ, ಅಂಗನವಾಡಿ, ಕೊಳವೆಬಾವಿಗಳ ಸುತ್ತಲಿನ ಈ ಕೆಲಸಕ್ಕೆ ಪಂಚಾಯತಿಯ ಸ್ವಂತ ಸಂಪನ್ಮೂಲವೇ ಸೂಕ್ತ, ಏಕೆಂದರೆ ಅದನ್ನು ಜೂನ್ ತಿಂಗಳಲ್ಲಿಯೇ ಬಳಸಬಹುದು. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿತವಾಗಿತ್ತು. ಉಳಿದ ಶೇ. 40 ಅನಿರ್ಬಂಧಿತ ಭಾಗವನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದಾಗಿದ್ದರೂ ಕಾಮಗಾರಿಯು ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ಮೊದಲೇ ಸೇರಿರಬೇಕಿತ್ತು. ಹೂ ಬಿಡದ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ನಾಡೆಪ್ ಗೊಬ್ಬರದ ತೊಟ್ಟಿಗೆ ಮನರೇಗಾದಲ್ಲಿ ಅವಕಾಶವಿದೆ.

ಕೀಳುವವರ ಮೈಯ ವಿಚಾರವನ್ನು ಅಂದಾಜು ಪಟ್ಟಿಗಳು ಸಾಮಾನ್ಯವಾಗಿ ಮರೆಯುತ್ತವೆ. ಪಾರ್ಥೇನಿಯಂ ಸ್ಪರ್ಶದಿಂದ ಚರ್ಮದ ಉರಿ, ತುರಿಕೆ, ಪರಾಗದಿಂದ ಉಬ್ಬಸ ಬರುತ್ತದೆ. ಈ ಕೆಲಸಕ್ಕೆ ಬರಿಗೈಯಲ್ಲಿ ಇಳಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕೈಗವಸು ಮತ್ತು ಮುಖಗವಸಿನ ವೆಚ್ಚಕ್ಕೆ ಠರಾವಿನಲ್ಲಿಯೇ ಅನುಮೋದನೆ ಪಡೆಯತಕ್ಕದ್ದು.

ಕಮಲಾಪುರದ ಮೂಲಕ ಹಾಯುವ ಕಲಬುರಗಿ–ಹುಮನಾಬಾದ್ ರಾಷ್ಟ್ರೀಯ ಹೆದ್ದಾರಿಯ ಅಂಚು ಪಂಚಾಯತಿಯ ಆಸ್ತಿಯಲ್ಲ. ಅಲ್ಲಿನ ಕಳೆಗೆ ಪಂಚಾಯತಿ ಹಣ ಖರ್ಚು ಮಾಡದೆ, ಹೆದ್ದಾರಿ ನಿರ್ವಹಿಸುವ ಪ್ರಾಧಿಕಾರಕ್ಕೆ ಮೇ ತಿಂಗಳಲ್ಲಿಯೇ ಠರಾವಿನ ಪ್ರತಿಯೊಂದಿಗೆ ಪತ್ರ ಬರೆಯುವುದು. ಯಾವ ಹುಲ್ಲು, ಯಾವ ಸಸಿ ಈ ಕಪ್ಪು ಮಣ್ಣಿಗೆ ಹೊಂದುತ್ತದೆ ಎಂಬುದನ್ನು ಅಂದಾಜು ಪಟ್ಟಿ ಸಿದ್ಧಪಡಿಸುವ ಮುನ್ನ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸುವುದು.