ಫರ್ಮ್‌ವೇರ್ ಬಗ್ ಎಂದ ಮಾತ್ರಕ್ಕೆ ಗಾಬರಿ ಬ್ಯಾಡ, ತಂಗಿ

ತಂಗಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಂಡು ಕಲಿಯುತ್ತಿದ್ದೀಯೆಂದು ಕೇಳಿ ಸಂತೋಷವಾಯಿತು. ಆನ್ ಮಾಡಿದಾಗಲೆಲ್ಲ ಕಪ್ಪು ಪರದೆಯ ಮೇಲೆ ‘ಫರ್ಮ್‌ವೇರ್ ಬಗ್’, ‘ಎಸಿಪಿಐ ಬಯೋಸ್ ಎರರ್’ ಎಂಬ ಸಾಲುಗಳು ಸರಸರ ಓಡುತ್ತವಂತೆ. ಅದನ್ನು ನೋಡಿದ ಯಾರೋ ‘ಬೋರ್ಡ್ ಹೋಗೇತಿ’ ಅಂದರಂತೆ. ತಂಬೂರದಿಂದ ಹುಬ್ಬಳ್ಳಿಗೆ ಹೊತ್ತುಕೊಂಡು ಹೋಗಿ ದುಡ್ಡು ಸುರಿಯುವ ಮೊದಲು ನನ್ನ ನಾಲ್ಕು ಮಾತು ಕೇಳವಾ.

ದೂರು ಯಾರದು, ಯಾರ ಮೇಲೆ ಎಂಬುದನ್ನು ಮೊದಲು ತಿಳಿದುಕೋ. ಹೇಳುತ್ತಿರುವುದು ಲಿನಕ್ಸ್ ಕರ್ನೆಲ್, ಅಂದರೆ ನಿನ್ನ ಉಬುಂಟುವಿನ ತಿರುಳು. ದೂರು ಇರುವುದು ಕಂಪನಿಯವರು ಬೋರ್ಡಿನ ಚಿಪ್ಪಿನಲ್ಲಿ ಬರೆದಿಟ್ಟ ಫರ್ಮ್‌ವೇರ್ ಮೇಲೆ, ಬಯೋಸ್ ಅಂದರೂ ಅದೇ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಕೂಡಿ ಎಸಿಪಿಐ ಎಂಬ ಕಟ್ಟಳೆ ತಂದವು. ಬ್ಯಾಟರಿ ಎಲ್ಲಿದೆ, ಫ್ಯಾನ್ ಯಾವುದು, ಮುಚ್ಚಳ ಮುಚ್ಚಿದರೆ ಯಾರಿಗೆ ಹೇಳಬೇಕು ಎಂಬ ಪಟ್ಟಿಯನ್ನು ಫರ್ಮ್‌ವೇರ್ ಕರ್ನೆಲ್ ಕೈಗೆ ಕೊಡಬೇಕು ಎನ್ನುತ್ತದೆ ಅದು. ಆದರೆ ಎಷ್ಟೋ ಕಂಪನಿಗಳು ಒಂದೇ ಪಟ್ಟಿಯನ್ನು ಹಲವು ಮಾಡೆಲ್‌ಗಳಿಗೆ ಬಳಸುತ್ತವೆ. ಪರೀಕ್ಷೆಯೂ ಬಹುಪಾಲು ವಿಂಡೋಸ್ ಮೇಲೆಯೇ. ಹೀಗಾಗಿ ನಿನ್ನ ಯಂತ್ರದಲ್ಲಿ ಇಲ್ಲದ ಭಾಗದ ಹೆಸರೂ ಪಟ್ಟಿಯಲ್ಲಿ ಉಳಿದಿರುತ್ತದೆ. ಉತಾರದಲ್ಲಿ ಇಲ್ಲದ ಹಿಸ್ಸಾ ನಂಬರ್ ಬಿದ್ದರೆ ತಪ್ಪು ಕಾಗದದಲ್ಲಿರುತ್ತದೆ, ಹೊಲಕ್ಕೇನೂ ಆಗಿರುವುದಿಲ್ಲ, ಇದೂ ಹಾಗೆ. ಕರ್ನೆಲ್ ಆ ಹೆಸರು ಹುಡುಕಿ, ಸಿಗದಿದ್ದಾಗ ‘ನಾಟ್ ಫೌಂಡ್’ ಎಂದು ಬರೆದು ಮುಂದೆ ಸಾಗುತ್ತದೆ.

ಅದಕ್ಕೇ ಹೇಳುವುದು: ಸಾಲೊಂದನ್ನೇ ನೋಡಿ ತೀರ್ಮಾನ ಮಾಡಬೇಡ, ಆ ಸಾಲು ಹೆಸರಿಸಿದ ಭಾಗ ಕೆಲಸ ಮಾಡುತ್ತಿದೆಯೇ ಎಂದು ನೋಡು.

ವೈಫೈ ವಿಷಯವನ್ನೇ ತಗೋ. ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫೇಲ್ಡ್, ಎರರ್ ಮೈನಸ್ 2’ ಎಂದು ಬರುತ್ತದೆ. ಮೈನಸ್ 2 ಅಂದರೆ ಆ ಹೆಸರಿನ ಫೈಲ್ ಸಿಗಲಿಲ್ಲ, ಅಷ್ಟೇ. ಇಂಟೆಲ್ ವೈಫೈ ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಫೈಲನ್ನು ಮೊದಲು ಕೇಳುತ್ತದೆ, ಸಿಗದಿದ್ದರೆ ಅದಕ್ಕಿಂತ ಹಳೆಯದು, ಆಮೇಲೆ ಇನ್ನೂ ಹಳೆಯದು. ಕೆಳಗೆ ಎಲ್ಲಾದರೂ ‘ಲೋಡೆಡ್ ಫರ್ಮ್‌ವೇರ್ ವರ್ಷನ್’ ಎಂಬ ಸಾಲಿದ್ದು ವೈಫೈ ನಡೆಯುತ್ತಿದ್ದರೆ ಮೇಲಿನವನ್ನು ಮರೆತುಬಿಡು. ಆ ಸಾಲೂ ಇಲ್ಲ, ವೈಫೈಯೂ ಇಲ್ಲವೆಂದರೆ ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜ್ ಹಾಕಿಕೋ. ಅಪ್‌ಡೇಟ್ ವೇಳೆ ಬರುವ ‘ಪಾಸಿಬಲ್ ಮಿಸ್ಸಿಂಗ್ ಫರ್ಮ್‌ವೇರ್’ ಕೂಡ ಬಹಳ ಸಲ ನಿನ್ನಲ್ಲಿಲ್ಲದ ಚಿಪ್ಪಿನ ಮಾತೇ ಆಗಿರುತ್ತದೆ.

ಆದರೆ ಎಲ್ಲವನ್ನೂ ಕಡೆಗಣಿಸಬೇಡವಾ. ‘ಫರ್ಮ್‌ವೇರ್ ಬಗ್’ ಇರುವಂತೆಯೇ ‘ಹಾರ್ಡ್‌ವೇರ್ ಎರರ್’ ಎಂಬ ಗುರುತೂ ಇದೆ. ಅದಾಗಲಿ, ಡಿಸ್ಕ್ ಹೆಸರಿನ ಜೊತೆ ‘ಐ/ಒ ಎರರ್’ ಆಗಲಿ ಪದೇ ಪದೇ ಬಂದರೆ ನೋಟ್ಸ್, ಫೋಟೊ, ಪ್ರಾಜೆಕ್ಟ್ ಎಲ್ಲ ಅಂದೇ ಪೆನ್‌ಡ್ರೈವಿಗೆ ಹಾಕಿಕೋ. ಅಂಗಡಿ ಮಾತು ಆಮೇಲೆ. ‘ಮೈಕ್ರೊಕೋಡ್ ಅಪ್‌ಡೇಟ್ ಮಾಡಿ’ ಎಂದರೂ ಕೇಳು. ಅದರ ಪ್ಯಾಕೇಜ್ ಪ್ರತಿ ಸಲ ಬೂಟ್ ಆಗುವಾಗ ಮೈಕ್ರೊಕೋಡನ್ನು ಪ್ರೊಸೆಸರಿಗೆ ತುಂಬುತ್ತದೆ, ಬೋರ್ಡಿನ ಚಿಪ್ಪನ್ನು ಮುಟ್ಟುವುದಿಲ್ಲ.

ಬಯೋಸ್ ಅಪ್‌ಡೇಟ್ ಹಾಗಲ್ಲ. ಅದು ಚಿಪ್ಪನ್ನೇ ತಿದ್ದಿ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಯಂತ್ರ ಏಳದೇ ಇರಬಹುದು. ನಮ್ಮ ಕಲಘಟಗಿ ಸೀಮೆಯ ಮಳೆಗಾಲ ನಿನಗೆ ಗೊತ್ತೇ ಇದೆ. ಬ್ಯಾಟರಿ ತುಂಬಿರಲಿ, ಚಾರ್ಜರ್ ಹಾಕಿರಲಿ, ಗುಡುಗು ಗಾಳಿಯ ಹೊತ್ತು ಆಗದಿರಲಿ. ನಿನ್ನ ಮಾಡೆಲ್ ನಂಬರ್ ಸರಿಯಾಗಿ ನೋಡಿಕೊಂಡು ಕಂಪನಿಯ ತಾಣದಿಂದಲೋ, ಲಿನಕ್ಸ್‌ನ ‘ಎಫ್‌ಡಬ್ಲ್ಯುಅಪ್‌ಡಿ’ ಸೌಲಭ್ಯದಿಂದಲೋ ಮಾತ್ರ ಮಾಡು. ಬ್ಯಾಟರಿಯೇ ಸತ್ತಿರುವ ಹಳೆಯ ಲ್ಯಾಪ್‌ಟಾಪ್ ಆದರೆ ಬರೀ ಸಾಲು ಅಳಿಸಲೆಂದು ಈ ಸಾಹಸಕ್ಕೆ ಇಳಿಯಲೇಬೇಡ.

ಇನ್ನೊಂದು. ಯಾರಾದರೂ ‘ಬೂಟ್ ಆಯ್ಕೆಯಲ್ಲಿ ಎಸಿಪಿಐ ಆಫ್ ಎಂದು ಬರಿ, ಎಲ್ಲ ಹೋಗುತ್ತದೆ’ ಅಂದರೆ ಕೇಳಬೇಡ. ಸಾಲಿನ ಜೊತೆ ಬ್ಯಾಟರಿ ಮಟ್ಟ ತೋರಿಸುವುದೂ ಹೋಗುತ್ತದೆ, ನಿದ್ದೆಗೆ ಹೋಗುವುದೂ ನಿಲ್ಲುತ್ತದೆ, ಕೆಲವು ಯಂತ್ರ ಏಳುವುದೇ ಇಲ್ಲ.

ನಿಜವಾದ ತೊಂದರೆ ಕಂಡರೆ, ಅಂದರೆ ಮುಚ್ಚಳ ತೆರೆದಾಗ ಏಳದಿದ್ದರೆ, ಫ್ಯಾನ್ ತಿರುಗದಿದ್ದರೆ, ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರದ ಆದೇಶವನ್ನು ಸುಡೊ ಜೊತೆ ಟರ್ಮಿನಲ್‌ನಲ್ಲಿ ಕೊಟ್ಟು ಬಂದದ್ದನ್ನು ಪೂರ್ತಿ ಉಳಿಸಿಕೋ. ಲ್ಯಾಪ್‌ಟಾಪ್ ಮಾಡೆಲ್, ಬಯೋಸ್ ಆವೃತ್ತಿ, ಕರ್ನೆಲ್ ಆವೃತ್ತಿ ಬರೆದು, ಏನು ಮಾಡಿದಾಗ ಹಾಗಾಯಿತು ಎಂದು ಸೇರಿಸಿ ಉಬುಂಟುವಿನವರಿಗೆ ವರದಿ ಮಾಡು. ಇಂಗ್ಲಿಷ್ ಸರಳವಾಗಿದ್ದರೂ ನಡೆಯುತ್ತದೆ, ವಿವರ ಸರಿಯಿರಬೇಕು. ಫರ್ಮ್‌ವೇರ್ ತಪ್ಪನ್ನು ಕಂಪನಿ ತಿದ್ದದಿದ್ದರೂ, ಆಯಾ ಮಾಡೆಲ್ ಗುರುತಿಸಿ ಕರ್ನೆಲ್‌ನಲ್ಲೇ ದಾರಿ ಮಾಡಿಕೊಟ್ಟ ಉದಾಹರಣೆಗಳು ಬಹಳ ಇವೆ. ಅಂಥ ಎಷ್ಟೋ ತಿದ್ದುಪಡಿಗಳ ಹಿಂದೆ ನಿನ್ನಂತೆಯೇ ತೊಂದರೆ ಕಂಡು, ಕೂತು ಬರೆದು ಕಳಿಸಿದವರಿದ್ದಾರೆ. ನೀನೂ ಬರಿ ತಂಗಿ, ಅದೇ ಲ್ಯಾಪ್‌ಟಾಪ್ ಕೊಳ್ಳುವ ಮುಂದಿನವರಿಗೆ ಉಪಕಾರವಾಗುತ್ತದೆ.