ಎರಡೂವರೆ ಟನ್ನಿನ ಸೇನಾ ಲಾರಿಗೆ ಹೊಸ ಚಕ್ರ ತೊಡಿಸುವ ಬಗೆ

ಅಮೆರಿಕದ ಸೈನ್ಯವು ದಶಕಗಳ ಕಾಲ ದುಡಿಸಿಕೊಂಡು ಕೊನೆಗೆ ಹರಾಜಿನಲ್ಲಿ ಮಾರಿದ ಎಂ35ಎ2 ಲಾರಿಗಳನ್ನು ಕೊಂಡುಕೊಂಡು, ಅವುಗಳಿಗೆ ಪೇಟೆಯ ಚಕ್ರ-ಟೈರುಗಳನ್ನು ತೊಡಿಸಿ ಓಡಿಸುವ ಹವ್ಯಾಸಿಗಳು ಆ ದೇಶದಲ್ಲಿ ಅನೇಕರಿದ್ದಾರೆ. ಮುಂದೆ ಎರಡು, ಹಿಂದಿನ ಎರಡು ಅಚ್ಚುಗಳಲ್ಲಿ ಜೋಡಿಜೋಡಿಯಾಗಿ ಎಂಟು, ಹೀಗೆ ಹತ್ತು ಚಕ್ರಗಳ ಈ ವಾಹನದ ಮೂಲ ಟೈರು 9.00-20 ಅಳತೆಯದು; ಟ್ಯೂಬು, ಫ್ಲಾಪು, ಲಾಕ್ ರಿಂಗುಗಳುಳ್ಳ ಈ ಏರ್ಪಾಡು ನಮ್ಮ ಹೆದ್ದಾರಿಗಳ ಪಂಕ್ಚರ್ ಅಂಗಡಿಯವರಿಗೆ ಚಿರಪರಿಚಿತವಾದದ್ದೇ.

ಮೊದಲು ನಿರ್ಣಯಿಸತಕ್ಕದ್ದು ಅಳತೆಯನ್ನು. 9.00-20ರ ವ್ಯಾಸ ಸುಮಾರು 40 ಅಂಗುಲ, 11.00-20ರದು ಸುಮಾರು 43, ಎಲ್ಲರ ಕಣ್ಣನ್ನೂ ಸೆಳೆಯುವ 395/85ಆರ್20ರದು ಸುಮಾರು 46. ವ್ಯಾಸ ಹಿರಿದಾದಷ್ಟೂ ನೆಲದ ಮೇಲಿನ ಎತ್ತರವೂ ಹೆದ್ದಾರಿಯ ವೇಗವೂ ಹೆಚ್ಚುವುವೆಂಬುದು ನಿಜವಾದರೂ, ಅದೇ ಪ್ರಮಾಣದಲ್ಲಿ ಬ್ರೇಕಿನ ಹಿಡಿತ ಕುಗ್ಗುವುದೆಂಬುದನ್ನೂ, ಪವರ್ ಸ್ಟಿಯರಿಂಗ್ ಇಲ್ಲದ ಲಾರಿಯಲ್ಲಿ ತಿರುಗಣಿಯು ತೋಳಿಗೆ ಭಾರವಾಗುವುದೆಂಬುದನ್ನೂ ಮರೆಯಲಾಗದು. ಈ ಲಾರಿಯ ಹೈಡ್ರಾಲಿಕ್ ಬ್ರೇಕಿಗೆ ಗಾಳಿಯ ಒತ್ತಾಸೆಯಿದ್ದರೂ ಇರುವುದು ಒಂದೇ ಸರ್ಕಿಟ್. ಅದು ಕೈಕೊಟ್ಟರೆ ಎರಡನೆಯ ಆಸರೆಯಿಲ್ಲ. ಆದಕಾರಣ ಸಾಮಾನ್ಯ ಉಪಯೋಗಕ್ಕೆ, ಹಿಂದೆ ಜೋಡಿಯ ಬದಲು ಒಂದೊಂದನ್ನೇ ಹಾಕಿ, ಆರು ಒಂಟಿ ಚಕ್ರಗಳಲ್ಲಿ 11.00-20 ಸಾಕೆಂಬುದು ನನ್ನ ಮತ. ಆದರೆ ಇದನ್ನು ಜೋಡಿಯಾಗಿ ಹಾಕಹೊರಟರೆ ಪಕ್ಕೆಗಳು ಒಂದಕ್ಕೊಂದು ಉಜ್ಜಿ ಹಾಳಾಗುವುವು. ಒಂಟಿ ಚಕ್ರವಾದರೆ ನಾಲ್ಕು ಟೈರು ಹೊರುತ್ತಿದ್ದ ಅಚ್ಚಿನ ಭಾರವನ್ನು ಇನ್ನು ಎರಡೇ ಹೊರಬೇಕಾದುದರಿಂದ, ಪಕ್ಕೆಯ ಮೇಲೆ ಅಚ್ಚಾದ ಭಾರಮಿತಿಯನ್ನು ಓದದೆ ಹಣ ತೆರುವುದು ಸಲ್ಲದು.

ಡಿಸ್ಕಿನ ರಂಧ್ರಗಳನ್ನೂ ಎಣಿಸಬೇಕು. ಎಂ35ರದು ಆರು ಬೋಲ್ಟಿನ ಹಬ್; ಐದು ಟನ್ನಿನ ಸೇನಾ ಲಾರಿಗಳ ಹತ್ತು ರಂಧ್ರದ ಡಿಸ್ಕು ಅಗ್ಗವಾಗಿ ದೊರೆಯಿತೆಂದು ತಂದರೆ ಅದು ಇಲ್ಲಿ ಕೂರದು. ಸೈನ್ಯದ ಉಗ್ರಾಣದಿಂದ ಬಂದ ಟೈರು ನೋಟಕ್ಕೆ ಹೊಸದಾಗಿದ್ದರೂ ವಯಸ್ಸಾಗಿರಬಹುದು: 2000ದಿಂದೀಚಿನ ಟೈರುಗಳಲ್ಲಿ ತಯಾರಿಕೆಯ ಸಂಕೇತದ ಕೊನೆಯ ನಾಲ್ಕಂಕಿಗಳು ವಾರವನ್ನೂ ವರ್ಷವನ್ನೂ ಹೇಳುತ್ತವೆ, ಮೂರೇ ಅಂಕಿಯಿದ್ದರೆ ಅದು ಹಿಂದಿನ ಶತಮಾನದ್ದೆಂದು ತಿಳಿದು ಬಿಟ್ಟುಬಿಡಿ.

ಕಳಚುವ ಕೆಲಸವನ್ನು ಗಟ್ಟಿಯಾದ ಸಮನೆಲದಲ್ಲಿ, ಉಳಿದ ಚಕ್ರಗಳಿಗೆ ಅಡೆಗಟ್ಟೆ ಕೊಟ್ಟು, ಜಾಕಿಯೊಂದನ್ನೇ ನೆಚ್ಚದೆ ಅಚ್ಚಿನಡಿಗೆ ಭದ್ರವಾದ ಊರೆಯನ್ನಿಟ್ಟು ಆರಂಭಿಸಬೇಕು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿಕೊಳ್ಳುವುದು ಕ್ಷೇಮ. ಎಡಪಕ್ಕದ ನಟ್ಟುಗಳ ಮರೆ ವಿಲೋಮವಾದದ್ದು, ಬೋಲ್ಟಿನ ತುದಿಯಲ್ಲಿ ‘ಎಲ್’ ಅಕ್ಷರವಿರುತ್ತದೆ. ಇದನ್ನು ಗಮನಿಸದೆ ಪಾನಕ್ಕೆ ಕೊಳವೆ ಸೇರಿಸಿ ಜಗ್ಗಿ ಬೋಲ್ಟು ಮುರಿದುಕೊಂಡವರು ವಿರಳರಲ್ಲ. ಹಿಂದಿನ ಜೋಡಿಯಲ್ಲಿ ಹೊರಚಕ್ರವನ್ನು ತೆಗೆದ ಬಳಿಕ ಒಳಚಕ್ರವನ್ನು ಹಿಡಿದಿರುವ, ಚೌಕ ತಲೆಯ ಉದ್ದನೆಯ ಟೋಪಿ ನಟ್ಟುಗಳು ಎದುರಾಗುತ್ತವೆ.

ಇನ್ನು ಡಿಸ್ಕಿನಿಂದ ಟೈರನ್ನು ಬಿಡಿಸಿ ಹೊಸದನ್ನು ಕೂರಿಸುವ, ಪ್ರಾಣಾಪಾಯವಿರುವ ಘಟ್ಟ. ಗಾಳಿ ತುಂಬಿದ ಚಕ್ರದಲ್ಲಿ ಲಾಕ್ ರಿಂಗು ಬಿಗಿದ ಬಿಲ್ಲಿನಂತೆ ಸಂಹಾರಶಕ್ತಿಯನ್ನು ಅಡಗಿಸಿಕೊಂಡಿರುತ್ತದೆ. ಅದು ಸಿಡಿದಾಗ ಎದುರಿಗಿದ್ದವರು ಬದುಕುವುದು ಅಪರೂಪ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯು 1980ರಲ್ಲಿ ಇಂಥ ಚಕ್ರಗಳ ದುರಸ್ತಿಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರ್ಣವಾಗಿ ಬಿಡದೆ ರಿಂಗನ್ನು ಮುಟ್ಟಕೂಡದು. ಜೋಡಿಸುವಾಗ ತುಕ್ಕನ್ನು ಉಜ್ಜಿ ತೆಗೆದು, ಬಿರುಕುಬಿಟ್ಟ ಅಥವಾ ಬಾಗಿದ ರಿಂಗನ್ನು ತಿರಸ್ಕರಿಸಿ, ಒಂದು ಮಾದರಿಯ ರಿಂಗನ್ನು ಇನ್ನೊಂದರ ಡಿಸ್ಕಿಗೆ ಕೂರಿಸುವ ಸಾಹಸಕ್ಕೆ ಹೋಗದೆ, ಹೊಸ ಟ್ಯೂಬು-ಫ್ಲಾಪುಗಳನ್ನೇ ಬಳಸಬೇಕು. ಗಾಳಿ ತುಂಬುವುದು ಕಬ್ಬಿಣದ ಪಂಜರದೊಳಗೆ, ವಾಲ್ವಿಗೆ ತಾನೇ ಕಚ್ಚಿಕೊಳ್ಳುವ ಹಿಡಿಕೆಯ ಉದ್ದನೆಯ ಕೊಳವೆಯಿಂದ, ರಿಂಗಿನ ಎದುರಿನಿಂದ ದೂರ ಸರಿದು ನಿಂತು. ಗಾಳಿಯಿರುವ ಚಕ್ರದ ರಿಂಗು ಸರಿಯಾಗಿ ಕೂತಿಲ್ಲವೆಂದು ಸುತ್ತಿಗೆಯಿಂದ ಬಡಿಯುವುದು ನಮ್ಮಲ್ಲಿಯೂ ಕಾಣುವ ಅಭ್ಯಾಸ, ಮಹಾ ಅವಿವೇಕ. ಸಾಧನವಿಲ್ಲದವರು ಇದೊಂದನ್ನು ಲಾರಿ ಟೈರಿನ ಅಂಗಡಿಗೆ ಒಪ್ಪಿಸಲಿ.

ಹಿಂದಿನ ಅಚ್ಚಿಗೆ ಒಂಟಿ ಚಕ್ರ ಹಾಕುವಾಗ ಆ ಉದ್ದನೆಯ ಟೋಪಿ ನಟ್ಟುಗಳನ್ನು ಬಿಟ್ಟು, ಮುಂದಿನ ಚಕ್ರಕ್ಕಿರುವಂಥ ಒಂಟಿ ನಟ್ಟುಗಳನ್ನೇ ಬಳಸತಕ್ಕದ್ದು. ಒಳಜೋಡಿಯದೋ ಹೊರಜೋಡಿಯದೋ ಸ್ಥಾನದಲ್ಲಿ ಕೂರುವ ಈ ಚಕ್ರ ಮುಂದಿನದರ ಜಾಡಿಗೆ ಹೊಂದದ ಕಾರಣ, ಹಲವರು ಹಿಂದಿನ ಹಬ್ಬನ್ನೇ ತಿರುವುಹಾಕಿ ಜಾಡನ್ನು ಒಂದುಗೂಡಿಸುತ್ತಾರೆ. ಬೇರಿಂಗು, ಸೀಲು, ಬ್ರೇಕ್ ಡ್ರಮ್ಮುಗಳನ್ನು ಬಿಚ್ಚಿ ಅಭ್ಯಾಸವಿದ್ದವರ ಕೆಲಸವಿದು. ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಸೇನೆಯ ದುರಸ್ತಿ ಕೈಪಿಡಿ ವಿಧಿಸಿದ ಬಿಗಿತಕ್ಕೆ ಟಾರ್ಕ್ ಪಾನದಿಂದ ಬಿಗಿಯಿರಿ.

ಓಡಿಸುವ ಮುನ್ನ ತಿರುಗಣಿಯನ್ನು ಎರಡು ಕೊನೆಗಳವರೆಗೂ ತಿರುಗಿಸಿ, ಟೈರು ಸ್ಪ್ರಿಂಗಿಗಾಗಲಿ ಮಡ್‌ಗಾರ್ಡಿಗಾಗಲಿ ತಾಗುವುದೇ ಎಂದು ನೋಡಬೇಕು. 46 ಅಂಗುಲದ ಟೈರಿದ್ದರೆ ಸ್ಪೀಡೋಮೀಟರು 40 ಮೈಲಿ ತೋರಿಸುವಾಗ ಲಾರಿಯ ನಿಜವಾದ ವೇಗ 46ರಷ್ಟಿರುವುದರಿಂದ, ಮುಂದಿನ ವಾಹನದಿಂದ ಇನ್ನಷ್ಟು ದೂರ ಕಾಯ್ದುಕೊಳ್ಳುವುದು ಅವಶ್ಯ. ಮೊದಲ 50ರಿಂದ 100 ಮೈಲಿಯೊಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಸ್ಟೆಪ್ನಿಯೂ ಹೊಸ ಅಳತೆಯದೇ ಆಗಿರಲಿ. ನೂರು ಕಿಲೋಗೂ ಮೀರಿ ತೂಗುವ ಆ ಚಕ್ರವನ್ನು ಇಳಿಸಿ ಏರಿಸಲು ಹಳೆಯ ಸರಪಳಿ ಶಕ್ತವೇ ಎಂಬುದನ್ನು ಮನೆಯಂಗಳದಲ್ಲೇ ಒಮ್ಮೆ ಪರೀಕ್ಷಿಸಿ ನೋಡಿ.