ಕೈ ಕಟ್ಟಿಕೊಂಡು ಕಲಿತ ಐದು ಶನಿವಾರ

ಮುಂದಿನ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದ ಹೊಸ ತಂಡ ಮತ್ತೆ ಪ್ರಾಥಮಿಕ ಶಾಲೆಗೆ ಹೊರಟಿದೆ. ‘ಮಕ್ಕಳೇ ಏನಾದರೂ ಹೊಸದು ಮಾಡಲಿ’ ಅನ್ನೋ ಈ ಪ್ರಾಜೆಕ್ಟನ್ನು ನಾವು ಎರಡು ಸಲ ಮಾಡಿದ್ದೇವೆ. ಮೊದಲ ಸಲ ಕೆಡಿಸಿದೆವು, ಎರಡನೇ ಸಲ ತಕ್ಕಮಟ್ಟಿಗೆ ಆಯಿತು. ಹೋಗುವವರಿಗೆ ಉಪಯೋಗಕ್ಕೆ ಬರಲಿ ಅಂತ ಎರಡನ್ನೂ ಬರೆಯುತ್ತಿದ್ದೇವೆ.

ಕೆಡಿಸಿದ್ದು ಹೀಗೆ. ನಾಲ್ಕನೇ ತರಗತಿಯ ಹುಡುಗನೊಬ್ಬ, ರಜೆಯಲ್ಲಿ ಶಾಲೆಯ ಗಿಡಗಳು ಒಣಗಬಾರದು ಎಂದ. ಬಾಟಲಿ ಮುಚ್ಚಳಕ್ಕೆ ತೂತು ಮಾಡಿ, ಹಳೇ ಬಟ್ಟೆಯ ಬತ್ತಿ ತೂರಿಸಿ, ಅದರ ತುದಿಯನ್ನು ಮಣ್ಣಲ್ಲಿ ಹೂಳುವುದು ಅವನ ಉಪಾಯ. ನಮಗೆ ಅದು ಸಪ್ಪೆ ಅನ್ನಿಸಿತು. ಆರ್ಡುಯಿನೋ, ತೇವಾಂಶದ ಸೆನ್ಸರ್, ಪುಟ್ಟ ಪಂಪು ಎಲ್ಲ ತಂದು, ರಾತ್ರಿಯಿಡೀ ಹಾಸ್ಟೆಲಿನಲ್ಲಿ ಕೂತು ಕೋಡ್ ಬರೆದೆವು. ಪ್ರದರ್ಶನದ ದಿನ ಅದು ಚೆನ್ನಾಗೇ ಕೆಲಸ ಮಾಡಿತು. ಬಂದಿದ್ದ ಹಿರಿಯರೊಬ್ಬರು ‘ಇದು ಹೇಗೆ ನಡೆಯುತ್ತಪ್ಪಾ?’ ಅಂತ ಕೇಳಿದಾಗ ಹುಡುಗ ನಮ್ಮ ಕಡೆ ಬೆರಳು ತೋರಿಸಿ, ‘ಗೊತ್ತಿಲ್ಲ ಸಾರ್, ಅದು ಆ ಅಣ್ಣಂದು’ ಅಂದುಬಿಟ್ಟ. ಅವನ ಬತ್ತಿ ಬಾಟಲಿ ಎಲ್ಲಿ ಹೋಯಿತು ಅಂತ ನಾವು ಕೇಳಲೂ ಇಲ್ಲ.

ಎರಡನೇ ಸಲಕ್ಕೆ ಒಂದೇ ನಿಯಮ ಮಾಡಿಕೊಂಡೆವು: ಮಗು ಕೇಳುವವರೆಗೆ ನಮ್ಮ ಕೈ ಬೆನ್ನ ಹಿಂದೆ. ಬ್ಲೇಡು, ಕತ್ತರಿ, ಬಿಸಿ ಅಂಟಿನ ಕೆಲಸ ಮಾತ್ರ ನಮ್ಮದು. ಅದೂ ಮಗು ಗೆರೆ ಎಳೆದ ಕಡೆ. ಗೋಡೆಯ ಪ್ಲಗ್ಗಿಗೆ ಏನನ್ನೂ ಸಿಕ್ಕಿಸುವಂತಿಲ್ಲ.

ತಯಾರಿಯ ಮಾತು ಬೇಗ ಮುಗಿಸುತ್ತೇವೆ. ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿಯವರನ್ನೂ ಮೊದಲೇ ಕಂಡು ಮಾತಾಡಿ, ಕಾಲೇಜಿನ ಪತ್ರ ಕೊಡಿ. ಶನಿವಾರ ಬೆಳಗಿನ ಶಾಲೆ ಇರೋದರಿಂದ ಕೊನೆಯ ಒಂದೂವರೆ ಗಂಟೆ ಕೇಳಿಕೊಳ್ಳಿ. ಇಂಟರ್ನಲ್ಸ್ ದಿನಾಂಕ ನೋಡಿಕೊಂಡೇ ಶನಿವಾರಗಳನ್ನು ಗುರುತು ಹಾಕಿ. ಒಂದು ವಾರ ತಪ್ಪಿಸಿದರೆ ಮಕ್ಕಳು ನಂಬೋದು ಬಿಡುತ್ತಾರೆ. ನಮ್ಮಲ್ಲೊಬ್ಬರಿಗೆ ನಾಲ್ಕೈದು ಮಕ್ಕಳು, ಅದಕ್ಕಿಂತ ಹೆಚ್ಚು ಬೇಡ. ನಾವು ಬೇಕಂತಲೇ ನಾಲ್ಕು, ಐದನೇ ತರಗತಿ ಆರಿಸಿಕೊಂಡೆವು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆ, ಅಟಲ್ ಟಿಂಕರಿಂಗ್ ಲ್ಯಾಬ್ ಎರಡೂ ಶುರುವಾಗೋದು ಆರನೇ ತರಗತಿಯಿಂದ. ಅದಕ್ಕಿಂತ ಚಿಕ್ಕವರನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಸಾಮಾನಿಗೆ ದುಡ್ಡು ಬೇಡ. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತಾ ಅವರು 1970ರ ದಶಕದಲ್ಲಿ ಮಧ್ಯಪ್ರದೇಶದ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಸೇರಿ, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದಲೇ ಆಕೃತಿಗಳನ್ನು ಕಟ್ಟಿಸಿದರು. ನಾವೂ ರಟ್ಟು, ಬಾಟಲಿ, ಪೊರಕೆಕಡ್ಡಿ, ಹಳೇ ಟ್ಯೂಬು, ಹುರಿ ಅಂತ ಎರಡು ಗೋಣಿಚೀಲ ತುಂಬಿಕೊಂಡು ಹೋದೆವು.

ಮೊದಲ ಶನಿವಾರ ‘ಏನು ಕಂಡುಹಿಡೀತೀರಿ?’ ಅಂತ ಮಾತ್ರ ಕೇಳಬೇಡಿ. ರೋಬೋಟು, ರಾಕೆಟ್ಟು, ಹಾರೋ ಕಾರು ಬರುತ್ತೆ, ಅಲ್ಲಿಗೆ ನಿಲ್ಲುತ್ತೆ. ನಾವು ಲೂಯಿ ಬ್ರೈಲ್ ಕತೆ ಹೇಳಿದೆವು. ಕಣ್ಣು ಕಾಣದ ಆ ಹುಡುಗ, ಬಾರ್ಬಿಯೇ ಅನ್ನೋರು ಆಗಲೇ ಮಾಡಿದ್ದ ಉಬ್ಬುಚುಕ್ಕಿಯ ಬರವಣಿಗೆ ಬೆರಳಿಗೆ ತೀರಾ ದೊಡ್ಡದಾಗುತ್ತೆ ಅಂತ ಅದನ್ನು ಆರು ಚುಕ್ಕಿಗೆ ಇಳಿಸಿದ್ದು 1824ರಲ್ಲಿ, ತನ್ನ 15ನೇ ವಯಸ್ಸಿನಲ್ಲಿ. ಆಮೇಲೆ ಕೇಳಿದೆವು: ‘ನಿಮ್ಮ ಮನೇಲಿ ದಿನಾ ಏನು ಕಿರಿಕಿರಿ?’ ಬೋರ್ಡು ತುಂಬಿಹೋಯಿತು. ಅಜ್ಜಿಗೆ ಸೂಜಿಗೆ ದಾರ ಪೋಣಿಸೋಕಾಗಲ್ಲ. ಕೋಳಿಮರಿನ ಕಾಗೆ ಒಯ್ಯುತ್ತೆ. ತಮ್ಮ ಪೆನ್ಸಿಲ್ ಕದೀತಾನೆ.

ಐದನೇ ತರಗತಿಯ ಒಬ್ಬಳ ಕಿರಿಕಿರಿ ನಲ್ಲಿ ನೀರು. ವಾರಕ್ಕೊಂದು ಸಲ, ಅದೂ ರಾತ್ರಿ ಯಾವಾಗಲೋ ಬರುತ್ತೆ. ನೀರು ಬಂದಿದ್ದು ತಿಳಿಯಲಿ ಅಂತ ಅಮ್ಮ ನಲ್ಲಿ ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕಿರ್ತಾಳೆ. ಆದರೆ ಡ್ರಮ್ಮು ತುಂಬಿದ್ದು ತಿಳಿಯಲ್ಲ, ಎದ್ದು ಕಾಯಬೇಕು. ನಮ್ಮ ತಲೆಯಲ್ಲಿ ತಕ್ಷಣ ಟ್ರಾನ್ಸಿಸ್ಟರ್, ಬಜರ್ ಓಡಿತು. ಕೈ ಹಿಂದೆಯೇ ಇತ್ತು.

ಅವಳು ಡ್ರಮ್ಮಿನ ಅಂಚಿಗೆ ಒಂದು ಕೋಲು ಕಟ್ಟಿದಳು, ಏತದ ಹಾಗೆ. ಒಳತುದಿಗೆ ಖಾಲಿ ಬಾಟಲಿ, ಹೊರತುದಿಗೆ ಕಲ್ಲು ತುಂಬಿದ ಡಬ್ಬಿ, ಕೆಳಗೆ ತಟ್ಟೆ. ನೀರೇರಿದರೆ ಬಾಟಲಿ ಮೇಲೆ, ಡಬ್ಬಿ ಕೆಳಗೆ ಬಾಗಿ ಕಲ್ಲು ಸುರಿಯಬೇಕು. ಆದರೆ ನೀರು ಹಾಕುವ ಮೊದಲೇ ಡಬ್ಬಿ ಭಾರಕ್ಕೆ ಕಲ್ಲು ಸುರಿದುಹೋಯಿತು. ಎಲ್ಲರೂ ನಕ್ಕರು. ಮುಂದಿನ ವಾರ ಬಾಟಲಿಗೆ ಮರಳು ತುಂಬಿಕೊಂಡು ಬಂದಳು. ಈಗ ಅದು ತೇಲಲೇ ಇಲ್ಲ. ನಮ್ಮ ತಂಡದ ಒಬ್ಬ ಮೂಲೆಯಲ್ಲಿ ಕೂತು ಲೆಕ್ಕ ಹಾಕಿದ. ಲೀಟರ್ ಬಾಟಲಿ ಪೂರ್ತಿ ಮುಳುಗಿದರೆ ನೀರು ಅದನ್ನು ಮೇಲಕ್ಕೆ ತಳ್ಳೋದು ಸುಮಾರು 1 ಕೆಜಿ ತೂಕದಷ್ಟು. ಮರಳಿನ ಭಾರ ಡಬ್ಬಿಯನ್ನು ತಡೆಯುವಷ್ಟು ಇರಬೇಕು, ತೇಲಿಕೆಯನ್ನು ತಿನ್ನುವಷ್ಟು ಇರಬಾರದು. ಅವನು ಅರ್ಧ ಪುಟ ಮುಗಿಸುವಷ್ಟರಲ್ಲಿ ಇವಳು ಹಿಡಿಹಿಡಿಯಾಗಿ ಮರಳು ಚೆಲ್ಲುತ್ತಾ, ಆರನೇ ಸಲಕ್ಕೆ ಸರಿಮಾಡಿದ್ದಳು. ಆಗ ಮಾತ್ರ ನಾವು ‘ಸನ್ನೆ’, ‘ತೇಲಿಕೆ’ ಅನ್ನೋ ಎರಡು ಪದ ಹೇಳಿದೆವು. ಆಡಿದ ಮೇಲೆ ಹೆಸರು ಹೇಳಿದರೆ ನೆನಪಿರುತ್ತೆ. ಮೊದಲೇ ಹೇಳಿದರೆ ಅದು ಇನ್ನೊಂದು ಪಾಠ.

ಎಲ್ಲ ಮಕ್ಕಳದೂ ಹೀಗೆ ಆಗಲಿಲ್ಲ ಅನ್ನೋದನ್ನೂ ಹೇಳಬೇಕು. ಕಾಗೆ ಓಡಿಸೋ ಯಂತ್ರ ಕೋಳಿಗಳನ್ನೇ ಓಡಿಸಿತು. ಪೆನ್ಸಿಲ್ ಕಳ್ಳನ ಅಲಾರಂ ಕೆಲಸ ಮಾಡಲೇ ಇಲ್ಲ. ಅವನ್ನೂ ಪ್ರದರ್ಶನದಲ್ಲಿ ಇಟ್ಟೆವು, ಎಲ್ಲಿ ಕೆಟ್ಟಿತು ಅಂತ ಅವರೇ ಹೇಳಿದರು. ಬಹುಮಾನ ಇಡಲಿಲ್ಲ. ಬಹುಮಾನ ಇಟ್ಟರೆ ಅಪ್ಪಂದಿರ ಕೈ ಬೆನ್ನ ಹಿಂದೆ ನಿಲ್ಲೋದಿಲ್ಲ.

ಪ್ರದರ್ಶನದ ದಿನ ಡ್ರಮ್ಮಿನ ಹುಡುಗಿ ತನ್ನ ಕೋಲಿನ ಹತ್ತಿರ ಯಾರನ್ನೂ, ನಮ್ಮನ್ನೂ, ಬಿಡಲಿಲ್ಲ. ಬಂದವರಿಗೆಲ್ಲ ತಾನೇ ಚೊಂಬಿನಲ್ಲಿ ನೀರು ಹುಯ್ದು ತೋರಿಸಿದಳು. ಕಲ್ಲು ತಟ್ಟೆಗೆ ಬಿದ್ದ ಸದ್ದಿಗೆ ಪಕ್ಕದ ಕೋಣೆಯ ಒಂದನೇ ತರಗತಿ ಮಕ್ಕಳು ಓಡಿಬಂದರು. ‘ಇಷ್ಟು ಸದ್ದಿಗೆ ಪಾಪು ಏಳುತ್ತೆ ಅಂತಾಳೆ ಅಮ್ಮ, ಕಲ್ಲಿನ ಬದಲು ಏನು ಹಾಕಲಿ?’ ಅಂತ ಕೇಳಿದಳು. ಹೊಸ ತಂಡದವರು ಜೂನ್‌ನಲ್ಲಿ ಹೋದಾಗ ಅವಳು ಆರನೇ ತರಗತಿಯಲ್ಲಿರುತ್ತಾಳೆ. ಏನು ಹಾಕಿದಳು ಅಂತ ಕೇಳಿಕೊಂಡು ಬನ್ನಿ.